ತಂತಿಯ ದಾರಿ

ಇಂಗ್ಲೆಂಡಿನಲ್ಲಿ 1964ರಿಂದ 1967ರ ವರೆಗೆ ತಯಾರಾದ ಸನ್‌ಬೀಮ್ ಟೈಗರ್ ಎಂಬ ಎರಡು ಆಸನಗಳ ಪುಟ್ಟ ಕ್ರೀಡಾಕಾರಿನಲ್ಲಿ, ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವೆ ಇರುವ ಉಕ್ಕಿನ ಗೋಡೆಯಲ್ಲಿ ಒಂದು ತೂತು ಉಂಟು. ಆ ತೂತಿಗೆ ರಬ್ಬರಿನ ಬಿರಡೆಯೊಂದನ್ನು ಹಾಕಿರುತ್ತಾರೆ. ಮಳೆಯ ನೀರಾಗಲಿ ಗಾಳಿಯಾಗಲಿ ಬರುವುದಕ್ಕೆಂದು ಮಾಡಿದ ತೂತು ಅದಲ್ಲ. ಎಂಜಿನ್ನಿನ ಎಡಸಾಲಿನ ಕಟ್ಟಕಡೆಯ ಸ್ಪಾರ್ಕ್ ಪ್ಲಗ್ಗನ್ನು ಮುಂದಿನ ಮುಚ್ಚಳವನ್ನು ಎತ್ತಿ ಮುಟ್ಟಲು ಆಗುವುದಿಲ್ಲವಾದ ಕಾರಣ, ರಿಪೇರಿ ಮಾಡುವವನು ಕಾರಿನೊಳಗೆ ಮುದುಡಿ ಕುಳಿತು, ಬಿರಡೆಯನ್ನು ಕಿತ್ತು, ತೂತಿನ ಮೂಲಕ ಸಲಕರಣೆಯನ್ನು ತೂರಿಸಿ ಆ ಪ್ಲಗ್ಗನ್ನು ಬಿಚ್ಚಬೇಕು.

ಈ ವಿಚಿತ್ರ ಹೇಗೆ ಹುಟ್ಟಿತೆಂಬುದು ಸ್ವಾರಸ್ಯವಾದ ಕಥೆ. ರೂಟ್ಸ್ ಎಂಬ ಕಂಪನಿಯವರು ಸನ್‌ಬೀಮ್ ಆಲ್ಪೈನ್ ಎಂಬ ಅಂದವಾದ ಕಾರನ್ನು ಮಾಡುತ್ತಿದ್ದರು. ಅದರ ಎಂಜಿನ್ನು ನಾಲ್ಕು ಸಿಲಿಂಡರುಗಳದು, 1.6 ಲೀಟರಿನದು. ನೋಟಕ್ಕೆ ಚುರುಕು, ಓಟಕ್ಕೆ ಸಾಧಾರಣ. ಅಮೆರಿಕದಲ್ಲಿದ್ದ ಆ ಕಂಪನಿಯ ಅಧಿಕಾರಿಗಳಿಗೆ ಇದರಲ್ಲಿ ಎಂಟು ಸಿಲಿಂಡರುಗಳ ಎಂಜಿನ್ನನ್ನು ಕೂರಿಸಬಾರದೇಕೆ ಎಂಬ ಆಲೋಚನೆ ಬಂದಿತು. ಅವರ ಕಡೆಯವರೊಬ್ಬರು ಮರದ ಗಜಕೋಲಿನಿಂದ ಆಲ್ಪೈನಿನ ಮುಂಭಾಗವನ್ನು ಅಳೆದುಕೊಂಡು, ಬೇರೆ ಬೇರೆ ಕಾರುಗಳ ಅಂಗಡಿಗಳನ್ನು ಸುತ್ತಿ, ಫೋರ್ಡ್ ಕಂಪನಿಯ 4.3 ಲೀಟರಿನ ಎಂಜಿನ್ನು ಇಲ್ಲಿ ಹಿಡಿಸಬಹುದೆಂದು ವರದಿ ತಂದರು. 1963ರಲ್ಲಿ ಕ್ಯಾರೊಲ್ ಶೆಲ್ಬಿ ಅದನ್ನು ಕೂರಿಸಿ ತೋರಿಸಿದರು. 164 ಅಶ್ವಶಕ್ತಿಯ ಹೊಸ ಕಾರು ಸಿದ್ಧವಾಯಿತು. ಗಜಕೋಲು ಎಂಜಿನ್ನನ್ನು ಅಳೆದಿತ್ತು. ಅದನ್ನು ಮುಂದೊಂದು ದಿನ ಬಿಚ್ಚಬೇಕಾದ ಕೈಯನ್ನು ಅಳೆದಿರಲಿಲ್ಲ. ಕೈಗಾಗಿ ಗೋಡೆಯನ್ನೇ ಕೊರೆಯಬೇಕಾಯಿತು.

ನಾವು ಈ ಕಾರನ್ನು ಕಣ್ಣಾರೆ ಕಂಡವರಲ್ಲ. ಪುಸ್ತಕಗಳಿಂದ ಬಲ್ಲೆವು ಅಷ್ಟೆ. ನಮ್ಮ ಕೈ ಅಷ್ಟಿಷ್ಟು ಪಳಗಿರುವುದು ಮನೆಯಲ್ಲಿದ್ದ ಹಳೆಯ ಅಂಬಾಸಡರ್ ಕಾರಿನಲ್ಲಿ. ಅದರ ಮುಚ್ಚಳವನ್ನು ಎತ್ತಿದರೆ ನಾಲ್ಕು ಪ್ಲಗ್ಗುಗಳೂ ಒಂದೇ ಸಾಲಿನಲ್ಲಿ ಕಾಣುತ್ತಿದ್ದುವು. ಸುತ್ತ ಇದ್ದ ಜಾಗದಲ್ಲಿ ಊಟದ ಡಬ್ಬಿಯನ್ನು ಇಟ್ಟುಕೊಂಡು ಕೆಲಸ ಮಾಡಬಹುದಾಗಿತ್ತು. ಅಂಥ ಎಂಜಿನ್ನಿನಿಂದ ಕಲಿಯಲಾಗದ ಒಂದು ಪಾಠವನ್ನು ಟೈಗರ್ ಕಲಿಸುತ್ತದೆ ಎಂಬ ಕಾರಣಕ್ಕಾಗಿ ಅದರ ಪ್ರಸ್ತಾಪವನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಪಾಠ ಮೋಟಾರು ರಿಪೇರಿಗೆ ಸಂಬಂಧಪಟ್ಟದ್ದಲ್ಲ. ನಮ್ಮ ಕಾಲೇಜುಗಳಲ್ಲಿ ವಿದ್ಯುಚ್ಛಾಸ್ತ್ರವನ್ನು ಬೋಧಿಸುವ ರೀತಿಗೆ ಸಂಬಂಧಪಟ್ಟದ್ದು.

ಮೊದಲು ಈ ತಂತಿಗಳು ಮಾಡುವ ಕೆಲಸವನ್ನು ನೋಡೋಣ. ಬ್ಯಾಟರಿಯಲ್ಲಿರುವುದು 12 ವೋಲ್ಟು. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕಾದರೆ ಹತ್ತಾರು ಸಾವಿರ ವೋಲ್ಟು ಬೇಕು. ಆದಕಾರಣ ಪ್ರೇರಣ ಸುರುಳಿಯ ದಪ್ಪ ತಂತಿಯಲ್ಲಿ ಪ್ರವಾಹವನ್ನು ಹರಿಯಗೊಟ್ಟು, ತಟಕ್ಕನೆ ಕಡಿದುಹಾಕುತ್ತಾರೆ. ಕಾಂತಕ್ಷೇತ್ರ ಕುಸಿಯುತ್ತಲೇ, ಸಾವಿರಾರು ಸುತ್ತುಗಳುಳ್ಳ ಸಣ್ಣ ತಂತಿಯಲ್ಲಿ ಭಾರಿ ವೋಲ್ಟೇಜು ಪ್ರೇರಿತವಾಗುತ್ತದೆ. ಫ್ಯಾರಡೆ 1831ರಲ್ಲಿ ಕಂಡ ವಿದ್ಯಮಾನವೇ ಇದು. ಡಿಸ್ಟ್ರಿಬ್ಯೂಟರೆಂಬ ಹಂಚಿಕೆಯ ಬಟ್ಟಲು ಈ ವೋಲ್ಟೇಜನ್ನು ಎಂಟು ತಂತಿಗಳಿಗೆ ಸರದಿಯಂತೆ ಬಡಿಸುತ್ತದೆ. ಎಂಜಿನ್ನು ನಿಮಿಷಕ್ಕೆ 4,000 ಸುತ್ತು ತಿರುಗುವಾಗ ಪ್ರತಿ ಸುತ್ತಿಗೆ ನಾಲ್ಕು ಕಿಡಿ, ಎಂದರೆ ನಿಮಿಷಕ್ಕೆ 16,000 ಕಿಡಿಗಳು. ಒಂದು ಕಿಡಿಗೂ ಮುಂದಿನ ಕಿಡಿಗೂ ಇರುವ ಬಿಡುವು ಸೆಕೆಂಡಿನ ಸಾವಿರದಲ್ಲಿ ನಾಲ್ಕು ಪಾಲಿಗಿಂತಲೂ ಕಡಮೆ.

ವರ್ಷಗಳು ಕಳೆದಂತೆ ಎಂಜಿನ್ನಿನ ಬಿಸಿಗೆ ತಂತಿಗಳ ಹೊದಿಕೆ ಒಣಗಿ ಬಿರಿಯುತ್ತದೆ. ಇಂಥ ಎಂಜಿನ್ನನ್ನು ಕತ್ತಲೆಯಲ್ಲಿ ಚಾಲೂ ಮಾಡಿ ನೋಡಿದರೆ ತಂತಿಗಳ ಮೇಲೆ ನಸುನೀಲಿ ಬೆಳಕು ತೆವಳಾಡುವುದನ್ನು ಕಾಣಬಹುದು; ಓಜೋನಿನ ವಾಸನೆಯೂ ಬರುವುದುಂಟು. (ನೋಡುವುದಷ್ಟೇ, ಮುಟ್ಟತಕ್ಕದ್ದಲ್ಲ.) ಆಗ ತಂತಿಗಳನ್ನು ಬದಲಾಯಿಸಬೇಕು. ಎಂಜಿನ್ನು ಆರಿದ ಮೇಲೆ ಒಂದು ಹಳೆಯ ತಂತಿಯನ್ನು ತೆಗೆದು, ಅಷ್ಟೇ ಉದ್ದದ ಹೊಸದನ್ನು ಅದರ ಜಾಗಕ್ಕೆ ಹಾಕಿ, ಆಮೇಲೆ ಎರಡನೆಯದಕ್ಕೆ ಕೈ ಹಚ್ಚುವುದು ವಿವೇಕ. ಎಂಟನ್ನೂ ಒಟ್ಟಿಗೆ ಕಿತ್ತವನು ಸಂಜೆಯ ವರೆಗೂ ಪರದಾಡುತ್ತಾನೆ. ಕೀಳುವಾಗ ತಂತಿಯನ್ನು ಹಿಡಿದು ಎಳೆಯಬಾರದು. ಪ್ಲಗ್ಗಿನ ಮೇಲಣ ರಬ್ಬರಿನ ಟೊಪ್ಪಿಗೆಯನ್ನು ಹಿಡಿದು ಸ್ವಲ್ಪ ತಿರುಚಿ ಎಬ್ಬಿಸಬೇಕು. ಏಕೆಂದರೆ ಇಂಥ ತಂತಿಗಳಲ್ಲಿ ಅನೇಕವು ಹೆಸರಿಗೆ ಮಾತ್ರ ತಂತಿ. ಒಳಗಿರುವುದು ತಾಮ್ರವಲ್ಲ, ಇಂಗಾಲವನ್ನು ಹತ್ತಿಸಿದ ನಾರಿನ ಎಳೆ. ಕಿಡಿಯಿಂದ ರೇಡಿಯೋವಿನಲ್ಲಿ ಗೊರಗೊರ ಶಬ್ದವಾಗದಿರಲೆಂದು ಬೇಕೆಂದೇ ರೋಧವನ್ನು ಹೆಚ್ಚಿಸಿರುತ್ತಾರೆ. ಎಳೆದರೆ ಎಳೆ ಒಳಗೊಳಗೇ ತುಂಡಾಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಟೈಗರಿನಂಥ ಇಕ್ಕಟ್ಟಿನಲ್ಲಿ ಟೊಪ್ಪಿಗೆಗೆ ಬೆರಳು ಎಟುಕದೆ ತಂತಿಯನ್ನೇ ಜಗ್ಗುವ ಮೋಹ ಬಲವಾಗಿರುತ್ತದೆ.

ಇಷ್ಟನ್ನೂ ಜಾಗರೂಕತೆಯಿಂದ ಮಾಡಿದನೆನ್ನಿ. ಹೊಸ ತಂತಿಗಳು ಬಂದುವು, ಪ್ರತಿಯೊಂದೂ ತನ್ನ ಪ್ಲಗ್ಗನ್ನೇ ಸೇರಿದೆ. ಜಾಗವಿಲ್ಲವಾದ್ದರಿಂದಲೂ ನೋಡಲು ಅಂದವಾಗಿರಲೆಂದೂ ಎಡಸಾಲಿನ ತಂತಿಗಳನ್ನು ಜಡೆಯ ಹಾಗೆ ಒತ್ತೊತ್ತಾಗಿ ಕಟ್ಟಿದ. ಚಾಲೂ ಮಾಡಿದರೆ ಎಂಜಿನ್ನು ನಿಂತಲ್ಲಿ ಚೆನ್ನಾಗಿಯೇ ಓಡುತ್ತದೆ. ಏರಿನಲ್ಲಿ ಮಾತ್ರ ಕೆಮ್ಮುತ್ತದೆ, ಒಳಗೆ ಸುತ್ತಿಗೆಯಲ್ಲಿ ಬಡಿದಂತೆ ಸದ್ದಾಗುತ್ತದೆ. ಮಂಡಲದ ಚಿತ್ರವನ್ನು ತೆಗೆದು ತಂತಿಗೆ ತಂತಿಯನ್ನು ತಾಳೆ ನೋಡಿದರೂ ತಪ್ಪು ಸಿಕ್ಕುವುದಿಲ್ಲ.

ತಪ್ಪು ಸಿಕ್ಕಬೇಕಾದರೆ ಎರಡು ಸಂಗತಿಗಳನ್ನು ಒಟ್ಟಿಗೆ ನೋಡಬೇಕು. ಈ ಫೋರ್ಡ್ ಎಂಜಿನ್ನಿನ ಬಲಸಾಲಿನಲ್ಲಿ ಮುಂದಿನಿಂದ ಹಿಂದಕ್ಕೆ 1, 2, 3, 4. ಎಡಸಾಲಿನಲ್ಲಿ 5, 6, 7, 8. ಕಿಡಿ ಹಾರುವ ಸರದಿ 1-5-4-2-6-3-7-8. ಸರದಿಯ ಕೊನೆಯನ್ನು ಗಮನಿಸಿರಿ. 7ನೆಯದೂ 8ನೆಯದೂ ಜಾಗದಲ್ಲಿಯೂ ಪಕ್ಕಪಕ್ಕ, ಸರದಿಯಲ್ಲಿಯೂ ಹಿಂದುಮುಂದು. 8ನೆಯದೇ ತೂತಿನ ಮೂಲಕ ಮುಟ್ಟಬೇಕಾದ ಆ ಕಟ್ಟಕಡೆಯ ಪ್ಲಗ್ಗು. ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಮುಂಭಾಗದಲ್ಲಿರುವುದರಿಂದ 7 ಮತ್ತು 8ರ ತಂತಿಗಳು ಎಡಸಾಲಿನ ಉದ್ದಕ್ಕೂ ಜೊತೆಯಾಗಿಯೇ ಪಯಣಿಸುವುದು ಸಹಜ.

ಒಂದಕ್ಕೊಂದು ತಗುಲಿಕೊಂಡು ಸಮಾಂತರವಾಗಿ ಸಾಗುವ ಎರಡು ತಂತಿಗಳು, ನಡುವೆ ರಬ್ಬರು: ಇದೇನೆಂದು ಯಾವ ವಿದ್ಯಾರ್ಥಿಯಾದರೂ ಹೇಳಬಲ್ಲ. ಇದು ವಿದ್ಯುತ್ ಧಾರಕ, ಎಂದರೆ ಕಂಡೆನ್ಸರು. ಅದರ ಧಾರಕತೆ ತೀರ ಅಲ್ಪ. ಆದರೆ 7ರ ತಂತಿಯಲ್ಲಿ ವೋಲ್ಟೇಜು ಏರುವ ರಭಸ ಅಲ್ಪವಲ್ಲ. ಆ ರಭಸದಿಂದ 8ರ ತಂತಿಯಲ್ಲಿ ಯಾರೂ ಕಳುಹಿಸದ ವೋಲ್ಟೇಜೊಂದು ತಲೆಯೆತ್ತುತ್ತದೆ. ಅದು ಮೂಲ ವೋಲ್ಟೇಜಿನ ಒಂದು ಸಣ್ಣ ಪಾಲು ಮಾತ್ರ. ಅಷ್ಟರಿಂದ ಕಿಡಿ ಹಾರೀತೆ? ಇಲ್ಲಿ 1889ರಲ್ಲಿ ಫ್ರೀಡ್ರಿಖ್ ಪಾಶೆನ್ ನಿರೂಪಿಸಿದ ನಿಯಮ ಅಡ್ಡ ಬರುತ್ತದೆ. ಇಂಥ ಸಂದುಗಳಲ್ಲಿ ಅನಿಲದ ಒತ್ತಡ ಹೆಚ್ಚಿದಷ್ಟೂ ಕಿಡಿಗೆ ಹೆಚ್ಚು ವೋಲ್ಟೇಜು ಬೇಕು. ಒತ್ತಡ ಕಡಮೆಯಾದರೆ ಕಡಮೆ ಸಾಕು. 7ರಲ್ಲಿ ಕಿಡಿ ಹಾರುವ ಗಳಿಗೆಯಲ್ಲಿ 8ರ ಪಿಸ್ಟನ್ನು ಇನ್ನೂ ಸುಮಾರು ಅರ್ಧ ದಾರಿಯಲ್ಲಿದೆ. ಒಳಗಿನ ಪೆಟ್ರೋಲು-ಗಾಳಿಯ ಮಿಶ್ರಣ ಪೂರ್ತಿ ಹಿಂಡಿಲ್ಲ, ಒತ್ತಡ ಅಲ್ಪ. ಕದ್ದು ಬಂದ ಸಣ್ಣ ವೋಲ್ಟೇಜಿಗೂ ಅಲ್ಲಿ ಅವಕಾಶ ದೊರೆಯುತ್ತದೆ. ಮಿಶ್ರಣ ಹೊತ್ತಿಕೊಂಡು, ಮೇಲೇರುತ್ತಿರುವ ಪಿಸ್ಟನ್ನನ್ನು ಎದುರಿನಿಂದ ಗುದ್ದುತ್ತದೆ. ಸುತ್ತಿಗೆಯ ಸದ್ದು ಅದೇ. ಬಹಳ ದಿನ ಹೀಗೇ ಓಡಿಸಿದರೆ ಪಿಸ್ಟನ್ನೇ ಒಡೆದೀತು. ಇದಕ್ಕೆ ವ್ಯತಿರಿಕ್ತವಾಗಿ 8ರ ತಂತಿ 7ರಲ್ಲಿ ಕಿಡಿ ಎಬ್ಬಿಸಿದರೆ ಯಾವ ಹಾನಿಯೂ ಇಲ್ಲ. ಅಲ್ಲಿ ಉರಿಯಬೇಕಾದದ್ದು ಆಗಲೇ ಉರಿದಿರುತ್ತದೆ. ನೆರೆಹೊರೆ ಒಂದೇ ಆದರೂ ಉಪದ್ರವ ಒಂದೇ ದಿಕ್ಕಿನದು.

ಪರಿಹಾರ ಸುಲಭ. 7 ಮತ್ತು 8ರ ತಂತಿಗಳನ್ನು ಬೇರ್ಪಡಿಸಿ, ನಡುವೆ ಬೇರೊಂದು ಸಿಲಿಂಡರಿನ ತಂತಿಯನ್ನು ಹಾಯಿಸಬೇಕು. ಒಂದನ್ನೊಂದು ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಬೇಕು. ಕಟ್ಟು ಅಷ್ಟು ಅಂದವಾಗಿ ಕಾಣಲಿಕ್ಕಿಲ್ಲ, ಎಂಜಿನ್ನು ಕೆಮ್ಮುವುದನ್ನು ನಿಲ್ಲಿಸುತ್ತದೆ.

ಈಗ ನಮ್ಮ ತಕರಾರಿಗೆ ಬರೋಣ. ಈ ದೋಷ ಮಂಡಲದ ಯಾವ ಚಿತ್ರದಲ್ಲಿಯೂ ಕಾಣುವುದಿಲ್ಲ. ಚಿತ್ರದಲ್ಲಿ ತಂತಿಯೆಂದರೆ ಒಂದು ಗೆರೆ. ಯಾವುದು ಯಾವುದಕ್ಕೆ ಸೇರಿದೆ ಎಂಬುದನ್ನಷ್ಟೇ ಅದು ತಿಳಿಸುತ್ತದೆ. ತಂತಿ ಎಲ್ಲಿ ಹಾದುಹೋಗಿದೆ, ಅದರ ನೆರೆಯಲ್ಲಿ ಯಾರಿದ್ದಾರೆ ಎಂಬುದನ್ನು ಅದು ಹೇಳುವುದಿಲ್ಲ, ಹೇಳಬೇಕೆಂದು ನಾವು ಕೇಳುವುದೂ ಇಲ್ಲ. ವರ್ಷಗಟ್ಟಲೆ ಇಂಥ ಚಿತ್ರಗಳನ್ನೇ ಬರೆಸಿ, ಅದಕ್ಕೇ ಅಂಕ ಕೊಟ್ಟು, ಗೆರೆಗೂ ತಂತಿಗೂ ವ್ಯತ್ಯಾಸವೇ ಇಲ್ಲವೆಂಬ ಭ್ರಾಂತಿಯನ್ನು ವಿದ್ಯಾರ್ಥಿಗಳಲ್ಲಿ ಬೆಳೆಸುತ್ತಿದ್ದೇವೆ. ಅಧ್ಯಾಪಕರಾದ ನಮಗೂ ಅದು ಅಂಟಿಕೊಂಡಿದೆ. ಇದನ್ನು ಒಪ್ಪಿಕೊಳ್ಳಲು ನಮಗೆ ಒಂದು ಕಾರಣವಿದೆ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿನಿಯೊಬ್ಬಳು ನಮ್ಮ ಪ್ರಯೋಗಶಾಲೆಯಲ್ಲಿ ಟ್ಯಾಂಜೆಂಟ್ ಗ್ಯಾಲ್ವನೋಮೀಟರಿನಿಂದ ಭೂಕಾಂತತ್ವದ ಸಮತಲ ಘಟಕವನ್ನು ಕಂಡುಹಿಡಿಯುತ್ತಿದ್ದಳು. ನಮ್ಮ ಸೀಮೆಯಲ್ಲಿ ಅದು ಸುಮಾರು 40 ಮೈಕ್ರೊಟೆಸ್ಲಾ. ಅವಳಿಗೆ ಬಂದದ್ದು 35. ಮತ್ತೆ ಮಾಡೆಂದೆವು, ಮತ್ತೂ 35. "ಸರ್, ಪ್ರವಾಹವನ್ನು ತಿರುಗುಮುರುಗು ಮಾಡಿಯೂ ನೋಡಿದ್ದೇನೆ, ಎರಡು ಕಡೆಯೂ ಅಷ್ಟೇ ಬರುತ್ತದೆ" ಎಂದಳು. ಮಂಡಲವನ್ನು ಚಿತ್ರದೊಡನೆ ತಾಳೆ ನೋಡಿ, ಎಲ್ಲ ಸರಿಯಾಗಿರುವುದನ್ನು ಕಂಡು, ನಿನ್ನ ಓದುವಿಕೆಯಲ್ಲಿಯೇ ದೋಷವಿದೆ ಎಂದು ತೀರ್ಪು ಕೊಟ್ಟು ಅಂಕಗಳನ್ನು ಕಳೆದೆವು.

ಆ ಸಂಜೆ ಮೇಜನ್ನು ತೆರವು ಮಾಡಿಸುವಾಗ ಕಣ್ಣಿಗೆ ಬಿತ್ತು. ಬ್ಯಾಟರಿಯಿಂದ ಬಂದ ಎರಡು ತಂತಿಗಳಲ್ಲಿ ಒಂದು, ಉಪಕರಣದ ಪೀಠದಡಿಯಲ್ಲಿ ಉತ್ತರ-ದಕ್ಷಿಣವಾಗಿ ಹಾದು, ಕಾಂತಸೂಜಿಗೆ ಸುಮಾರು ಹತ್ತು ಸೆಂಟಿಮೀಟರು ಕೆಳಗಿತ್ತು. ಇನ್ನೊಂದು ಮೇಜಿನ ಅಂಚನ್ನು ಬಳಸಿ ಬಂದಿತ್ತು. ಪ್ರವಾಹ ಒಂದು ಆಂಪಿಯರು. ಅಷ್ಟು ದೂರದಿಂದ ಅದು ಸೂಜಿಯ ಮೇಲೆ 2 ಮೈಕ್ರೊಟೆಸ್ಲಾ ಕ್ಷೇತ್ರವನ್ನು ಹೇರುತ್ತದೆ. ಅವಳು ಬಳಸಿದ್ದ ಎರಡು ಸುತ್ತಿನ, ಎಂಟು ಸೆಂಟಿಮೀಟರು ತ್ರಿಜ್ಯದ ಸುರುಳಿ ತಾನೇ ಕೊಡುವ ಕ್ಷೇತ್ರ 16ಕ್ಕೆ ಸಮೀಪ. ಎಂಟರಲ್ಲಿ ಒಂದು ಪಾಲು ಹೊರಗಿನಿಂದ ಸೇರಿಕೊಂಡಿತ್ತು. ಪ್ರವಾಹವನ್ನು ತಿರುಗಿಸಿದರೆ ಸುರುಳಿಯ ಕ್ಷೇತ್ರದೊಡನೆ ಈ ತಂತಿಯ ಕ್ಷೇತ್ರವೂ ತಿರುಗುತ್ತದೆ. ಆದ್ದರಿಂದ ಎರಡು ಕಡೆಯೂ ಅದೇ ಉತ್ತರ ಬಂದಿತ್ತು. ತಂತಿಯ ಕೆಳಗೆ ಮೇಲೆ ಸೂಜಿ ತಿರುಗುವುದನ್ನು ಅರ್ಸ್ಟೆಡ್ ತೋರಿಸಿದ್ದು 1820ರಲ್ಲಿ. ಅದನ್ನು ನಾವು ಪ್ರತಿವರ್ಷ ಕರಿಹಲಗೆಯ ಮೇಲೆ ಬರೆಯುತ್ತೇವೆ. ಎರಡು ತಂತಿಗಳನ್ನು ಒಟ್ಟಿಗೆ ಹೊಸೆದು ದೂರದಿಂದ ತಂದು ನೋಡಿದಾಗ 40ಕ್ಕೆ ಹತ್ತಿರದ ಬೆಲೆ ದೊರೆಯಿತು. ಅವಳ ಓದುವಿಕೆ ನಿರ್ದುಷ್ಟವಾಗಿತ್ತು. ಮರುದಿನ ಅಂಕಗಳನ್ನು ತಿದ್ದಿ ಕ್ಷಮೆ ಕೇಳಿದೆವು. ಆದರೆ ಅಷ್ಟರಲ್ಲಿ ಅವಳು ದಾಖಲೆ ಪುಸ್ತಕದಲ್ಲಿ 35ನ್ನು ಹೊಡೆದುಹಾಕಿ ಗೆಳತಿಯ ಪುಸ್ತಕದಿಂದ 39.6 ಎಂದು ಬರೆದುಕೊಂಡಿದ್ದಳು. ನಮ್ಮ ಮನಸ್ಸಿಗೆ ಹತ್ತಿದ್ದು ಆ ಅಂಕೆ.

ಇಲ್ಲಿ ತಂತಿಗಳನ್ನು ಹೊಸೆಯಬೇಕು, ಎಂಜಿನ್ನಿನಲ್ಲಿ ಬಿಡಿಸಬೇಕು. ಇದೆಂಥ ಬೋಧನೆ ಎಂದು ವಾಚಕರು ಕೇಳಬಹುದು. ಹೋಗುವ ಪ್ರವಾಹವೂ ಮರಳುವ ಪ್ರವಾಹವೂ ಅಕ್ಕಪಕ್ಕದಲ್ಲಿದ್ದರೆ ಪರಸ್ಪರ ಕ್ಷೇತ್ರವನ್ನು ಅಳಿಸಿಕೊಳ್ಳುತ್ತವೆ, ಆದ್ದರಿಂದ ಅಲ್ಲಿ ಸಾಮೀಪ್ಯ ಬೇಕು. ಎಂಜಿನ್ನಿನ ಎರಡು ತಂತಿಗಳು ಬೇರೆ ಬೇರೆ ಆಜ್ಞೆಗಳನ್ನು ಒಯ್ಯುತ್ತವೆ, ಅಲ್ಲಿ ಅಂತರ ಬೇಕು. ಕಂಠಪಾಠದ ಸೂತ್ರವೊಂದಿದ್ದರೆ ಈ ವಿವೇಚನೆ ಬೇಕಾಗುತ್ತಿರಲಿಲ್ಲ.

ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ. ಇನ್ನೂ ಓಮನ ನಿಯಮವೇ ಗಟ್ಟಿಯಾಗದ ಮಕ್ಕಳಿಗೆ ಇದನ್ನೆಲ್ಲ ಹೇಳಿ ಗಾಬರಿಪಡಿಸಬಾರದು ಎನ್ನುತ್ತಾರೆ. ಮೊದಲ ವಾರಕ್ಕೆ ಆ ಮಾತು ಸರಿ. ಮೂರು ವರ್ಷಗಳಿಗೂ ಅನ್ವಯಿಸುವುದಾದರೆ ಸರಿಯಲ್ಲ. ಇನ್ನು ಕೆಲವರು, ಈಗಿನ ಅನೇಕ ಕಾರುಗಳಲ್ಲಿ ಪ್ರತಿ ಪ್ಲಗ್ಗಿನ ನೆತ್ತಿಯ ಮೇಲೆಯೇ ಒಂದೊಂದು ಸುರುಳಿಯನ್ನು ಕೂರಿಸಿ ಈ ಉದ್ದ ತಂತಿಗಳನ್ನೇ ತೆಗೆದುಹಾಕಿದ್ದಾರಲ್ಲ, ಹಳೆಯ ಟೈಗರಿನ ರಗಳೆ ಏಕೆ ಎನ್ನುತ್ತಾರೆ. ತಂತಿಯನ್ನು ತೆಗೆದದ್ದೇಕೆಂದು ಅವರು ಯೋಚಿಸಲಿ. ಅದರ ದಾರಿಯಿಂದ ಬರುವ ತೊಂದರೆಗಳು ಅದಕ್ಕೆ ಒಂದು ಕಾರಣವಲ್ಲವೆ? ಟೈಗರಿನ ಅಂತ್ಯದಲ್ಲಿಯೂ ಇದರ ಪಾತ್ರ ಸ್ವಲ್ಪ ಉಂಟು. 1967ರಲ್ಲಿ ರೂಟ್ಸ್ ಕಂಪನಿ ಕ್ರೈಸ್ಲರಿನವರ ಕೈಸೇರಿದಾಗ, ಪ್ರತಿಸ್ಪರ್ಧಿಯಾದ ಫೋರ್ಡಿನ ಎಂಜಿನ್ನಿನ ಬದಲು ತಮ್ಮದನ್ನೇ ಹಾಕಲು ಅವರು ಬಯಸಿದರು. ಅದು ಆ ಜಾಗಕ್ಕೆ ದೊಡ್ಡದಾಯಿತು, ಮೇಲಾಗಿ ಅದರ ಡಿಸ್ಟ್ರಿಬ್ಯೂಟರ್ ಹಿಂಬದಿಯಲ್ಲಿತ್ತು. ಒಂದು ಪ್ಲಗ್ಗಿಗಾಗಿ ಗೋಡೆ ಕೊರೆದ ಕಾರಿನಲ್ಲಿ ಹಂಚಿಕೆಯ ಬಟ್ಟಲೇ ಗೋಡೆಯ ಮೂಲೆಗೆ ಹೋದರೆ ಗತಿಯೇನು? ಸುಮಾರು ಏಳು ಸಾವಿರ ಕಾರುಗಳಿಗೆ ಟೈಗರ್ ನಿಂತುಹೋಯಿತು.

ಈ ವರ್ಷದಿಂದ ನಮ್ಮ ಪ್ರಯೋಗಶಾಲೆಯಲ್ಲಿ, ವಿದ್ಯುತ್ತಿನ ಪ್ರತಿ ಪ್ರಯೋಗಕ್ಕೂ ಎರಡು ಚಿತ್ರಗಳನ್ನು ಬರೆಯಿಸುತ್ತಿದ್ದೇವೆ. ಒಂದು ಎಂದಿನ ಮಂಡಲ. ಇನ್ನೊಂದು, ಮೇಜನ್ನು ಮೇಲಿನಿಂದ ನೋಡಿದಂತೆ, ತಂತಿಗಳು ನಿಜವಾಗಿ ಎಲ್ಲೆಲ್ಲಿ ಹಾದುಹೋಗಿವೆ ಎಂಬುದು. ಸೂಜಿಯಿಂದ ಎಷ್ಟು ದೂರ, ಮೇಜಿನ ಕಬ್ಬಿಣದ ಕಾಲು ಎಲ್ಲಿದೆ, ಪಕ್ಕದ ಮೇಜಿನವರ ತಂತಿ ಎಲ್ಲಿದೆ ಎಂಬುದು ಸಹಿತವಾಗಿ. ಹತ್ತು ಅಂಕಗಳಲ್ಲಿ ಎರಡು ಅದಕ್ಕೆ ಮೀಸಲು. ಮೊದಲ ತಿಂಗಳು ಬಂದ ಚಿತ್ರಗಳಲ್ಲಿ ಬಹುಮಟ್ಟಿಗೆ ಎಲ್ಲವೂ ಚೌಕಾಕಾರದಲ್ಲಿ, ಗೆರೆಪಟ್ಟಿಯಿಂದ ಎಳೆದಂತೆ ನೇರವಾಗಿದ್ದುವು. ಅವುಗಳನ್ನು ಹಿಂದಿರುಗಿಸಿ, ಮೇಜನ್ನು ನೋಡಿ ಬರೆಯಿರೆಂದು ಕಳುಹಿಸಿದ್ದೇವೆ.