ಕೈಗೆ ಅಂಟು, ಬಾಯಿಗೆ ಕನ್ನಡ



ನವರಾತ್ರಿ ಬಂತೆಂದರೆ ನಮ್ಮ ಮುಂಬಯಿಯಲ್ಲಿ ಎಲ್ಲೆಲ್ಲೂ ಗರ್ಬಾ. ಮಕ್ಕಳು ಕುಣಿದು ಬರಲಿ, ಬೇಡವೆನ್ನುವುದಿಲ್ಲ. ಆದರೆ ಹಬ್ಬಕ್ಕೆ ಮುಂಚಿನ ಒಂದು ಭಾನುವಾರ ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ. ನಿಮ್ಮ ಮಗುವೋ, ಅಕ್ಕನ ಮಗುವೋ, ಪಕ್ಕದ ಮನೆಯ ಕನ್ನಡದ ಕೂಸೋ, ಯಾರಿದ್ದರೂ ಸರಿ, ಜೊತೆಗೆ ಕೂರಿಸಿಕೊಂಡು ಒಂದು ಜಂಬೂ ಸವಾರಿ ಮಾಡಿ.

ಬೇಕಾದದ್ದೆಲ್ಲ ಮನೆಯಲ್ಲೇ ಇದೆ: ಸಾಬೂನಿನ ಖಾಲಿ ಪೆಟ್ಟಿಗೆ ಒಂದು, ಬೆಂಕಿಪೊಟ್ಟಣ ಎರಡು, ಹಳೆಯ ಪತ್ರಿಕೆ, ಚಾಕಲೇಟಿನ ಬಂಗಾರದ ಬಣ್ಣದ ಕಾಗದ, ದಾರ. ಅಂಟಿಗೆ ಒಂದು ಚಮಚ ಮೈದಾವನ್ನು ಅರ್ಧ ಲೋಟ ನೀರಿನಲ್ಲಿ ಗಂಟಾಗದಂತೆ ಕಲಸಿ, ಗಟ್ಟಿಯಾಗುವ ತನಕ ಕಾಯಿಸಿ ಆರಿಸಿ. ಒಲೆಯ ಕೆಲಸ ಮಾತ್ರ ನಿಮ್ಮದು.

ಪತ್ರಿಕೆಯ ಹಾಳೆಯನ್ನು ಬಿಗಿಯಾಗಿ ಸುರುಳಿ ಸುತ್ತಿ ಅಂಟಿಸಿ, ಎರಡೆರಡು ಅಂಗುಲದ ನಾಲ್ಕು ತುಂಡು ಮಾಡಿದರೆ ಕಾಲು. ಸಾಬೂನಿನ ಪೆಟ್ಟಿಗೆ ಮೈ. ಮುಂದೆ ಒಂದು ಬೆಂಕಿಪೊಟ್ಟಣ ಅಂಟಿಸಿದರೆ ತಲೆ. ಉದ್ದದ ಕಾಗದದ ಪಟ್ಟಿಯನ್ನು ಬೀಸಣಿಗೆಯ ಹಾಗೆ ಹಿಂದೆ ಮುಂದೆ ಮಡಚಿದರೆ ಸೊಂಡಿಲು. ಅರಳಿ ಎಲೆಯ ಆಕಾರದಲ್ಲಿ ಎರಡು ಕಿವಿ. ಇನ್ನೊಂದು ಪೊಟ್ಟಣದ ಒಳಗೂಡಿಗೆ ಬಂಗಾರದ ಕಾಗದ ಸುತ್ತಿ ಬೆನ್ನ ಮೇಲೆ ದಾರದಿಂದ ಕಟ್ಟಿದರೆ ಅಂಬಾರಿ. ಮೂರು ವರ್ಷದ ಮಗು ಕಾಗದ ಹರಿಯಲಿ, ಆರು ವರ್ಷದ್ದು ಮೊಂಡು ಕತ್ತರಿಯಲ್ಲಿ ಕತ್ತರಿಸಲಿ, ಹತ್ತು ವರ್ಷದ್ದು ಅಳತೆ ಹಿಡಿಯಲಿ.

ಇಷ್ಟಕ್ಕೆ ಅಂಕಣ ಏಕೆ ಎನ್ನುತ್ತೀರೇನೋ. ನಮ್ಮ ಮನೆಗಳ ಎಷ್ಟೋ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. 'ಕನ್ನಡ ಮಾತಾಡು' ಎಂದು ಗದರಿದರೆ ಬಾಯಿ ಇನ್ನಷ್ಟು ಬಿಗಿಯುತ್ತದೆ. ಕೆಲಸ ಕೊಟ್ಟು ನೋಡಿ. ಮಡಚು, ಸುತ್ತು, ಒತ್ತಿ ಹಿಡಿ, ಅಲ್ಲಾಡಿಸಬೇಡ, ಒಣಗಲಿ ಬಿಡು. ಹೇಳಿದ್ದು ಕೂಡಲೇ ಕೈಯಲ್ಲಿ ಆಗುವುದರಿಂದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಸ್ವಲ್ಪ ಹೊತ್ತಿಗೆ 'ಇಲ್ಲಿ ಹಿಡ್ಕೋ' ಎಂದು ಮಗುವೇ ನಿಮಗೆ ಅಪ್ಪಣೆ ಮಾಡುತ್ತದೆ. ಆಗ ವ್ಯಾಕರಣ ತಿದ್ದಬೇಡಿ, ಸುಮ್ಮನೆ ಹಿಡಿದುಕೊಳ್ಳಿ!

ಅಂಟು ಒಣಗುವಾಗ ಕಥೆ ಹೇಳಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಉತ್ಸವ ಆರಂಭಿಸಿದರು. ಮೈಸೂರಿನ ಚಿನ್ನದ ಅಂಬಾರಿಯ ತೂಕ ಸುಮಾರು 750 ಕಿಲೋ. ಒಂದು ಕಾಲಕ್ಕೆ ಅದರಲ್ಲಿ ಮಹಾರಾಜರು ಕೂರುತ್ತಿದ್ದರು. ಈಗ ತಾಯಿ ಚಾಮುಂಡೇಶ್ವರಿಯ ಮೂರ್ತಿಯನ್ನು ಇಟ್ಟು ವಿಜಯದಶಮಿಯಂದು ಅರಮನೆಯಿಂದ ಬನ್ನಿಮಂಟಪದವರೆಗೆ ಮೆರವಣಿಗೆ. ಅಂಬಾರಿಯ ಭಾರ ಎಷ್ಟು ಮಕ್ಕಳ ತೂಕಕ್ಕೆ ಸಮ ಎಂದು ಲೆಕ್ಕ ಹಾಕಿಸಿ.

ನಡುವೆ ಯಾವುದೋ ಪದ ನಿಮಗೇ ತೋಚದೆ ಹೋಗಬಹುದು. ಮುಂಬಯಿಯಲ್ಲೇ ಬೆಳೆದವರಿಗೆ ಅದು ಸಹಜ, ನಾಚಿಕೆ ಬೇಡ. ಮಗುವಿನ ಕೈಗೇ ಫೋನ್ ಕೊಟ್ಟು ಊರಿನ ಅಜ್ಜಿಯನ್ನು ಕೇಳಿಸಿ. 'ಊಟ ಆಯ್ತಾ, ಹ್ಞೂಂ' ಎಂಬಲ್ಲಿಗೆ ಮುಗಿಯುತ್ತಿದ್ದ ಮಾತು ಆವತ್ತು ಸೊಂಡಿಲು, ದಂತ, ಮಾವುತ ಎಂದು ಬೆಳೆಯುತ್ತದೆ. ಅಜ್ಜಿಗೂ ಮೊಮ್ಮಗುವಿಗೂ ನಡುವಿನ ಸೇತುವೆ ನೀವೇ. ಅಜ್ಜಿ ಇರುವಾಗಲೇ ಮಗು ಅದನ್ನು ದಾಟಲಿ.

ಆನೆ ಸೊಟ್ಟಗಾದರೆ ಆಗಲಿ, ಮಗು ಮಲಗಿದ ಮೇಲೆ ಕಿತ್ತು ನೀವು ಸರಿಮಾಡಬೇಡಿ. ಮನೆಯಲ್ಲಿ ಪಟ್ಟದ ಗೊಂಬೆಗಳನ್ನು ಕೂರಿಸುವವರು ಕೆಳಗಿನ ಮೆಟ್ಟಿಲಲ್ಲಿ ಇದಕ್ಕೂ ಜಾಗ ಕೊಡಿ. ಗೊಂಬೆ ಇಲ್ಲದವರು ಕಿಟಕಿಯ ಕಟ್ಟೆಯ ಮೇಲಿಡಿ. ಬಂದವರೆಲ್ಲ 'ಯಾರು ಮಾಡಿದ್ದು ಪುಟ್ಟಾ?' ಎಂದು ಕನ್ನಡದಲ್ಲೇ ಕೇಳಲಿ.

ಹಬ್ಬದ ಶುಭಾಶಯಗಳು.