ಭಯದ ನಡುವೆ ಭರವಸೆ

ಸುಖದ ದಿನಗಳಲ್ಲಿ ದೇವರನ್ನು ನಂಬುವುದು ಕಠಿಣವಲ್ಲ. ಮಳೆ ಬೆಳೆ ಸಕಾಲಕ್ಕೆ ಆಗಿ, ಮನೆಮಂದಿ ಆರೋಗ್ಯದಿಂದಿರುವಾಗ ಶಿವಕೃಪೆಯನ್ನು ಕೊಂಡಾಡದವರಾರು? ಆದರೆ ಭಯವು ಹೊಸ್ತಿಲಿಗೆ ಬಂದು ನಿಂತಾಗ ನಂಬುಗೆಯು ಒರೆಗಲ್ಲಿಗೆ ಏರುತ್ತದೆ. ನಂಬಿದವರನ್ನು ದೇವರು ಏಕೆ ಕಾಯಲಿಲ್ಲವೆಂಬ ಪ್ರಶ್ನೆ ಆಗಲೇ ಹುಟ್ಟುವುದು. ಅದನ್ನು ನಾಸ್ತಿಕರ ಕುತರ್ಕವೆಂದು ತಳ್ಳಿಹಾಕುವುದು ತರವಲ್ಲ. ಅದು ನೊಂದವರ ಪ್ರಶ್ನೆ. ಉತ್ತರಕ್ಕೆ ಅರ್ಹವಾದ ಪ್ರಶ್ನೆ.

ಈ ಪ್ರಶ್ನೆಯು ಅತ್ಯಂತ ಕ್ರೂರ ರೂಪದಲ್ಲಿ ಎದುರಾದುದು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ವಿವಾಹವಾದುದನ್ನು ಸಹಿಸದೆ, ಅವರಿಬ್ಬರು ತಂದೆಯರಿಗೂ ಘೋರವಾದ ಮರಣದಂಡನೆಯನ್ನು ವಿಧಿಸಲಾಯಿತೆಂದು ಪರಂಪರೆ ಹೇಳುತ್ತದೆ. ಕ್ರಿ.ಶ. ೧೧೬೭ರ ಸುಮಾರಿಗೆ ಬಿಜ್ಜಳನ ಹತ್ಯೆಯಾಗಿ, ಶರಣರ ನೆಲೆಯಾಗಿದ್ದ ಕಲ್ಯಾಣವೇ ಅವರಿಗೆ ಕಂಟಕವಾಯಿತು. ಹರಳಯ್ಯ ಮಧುವರಸರ ಭಕ್ತಿಯಲ್ಲಿ ಕೊರತೆಯಿತ್ತೆಂದು ಯಾರು ಹೇಳಬಲ್ಲರು? ಆದರೂ ಅವರ ಪ್ರಾಣ ಉಳಿಯಲಿಲ್ಲ. ಭಕ್ತಿಯು ಆಪತ್ತನ್ನು ಬಾರದಂತೆ ತಡೆಯುವ ರಕ್ಷೆಯ ದಾರವಲ್ಲವೆಂಬ ಕಠೋರ ಸತ್ಯವನ್ನು ಶರಣರು ಅಂದೇ ಕಂಡುಕೊಂಡರು.

ಹಾಗಾದರೆ ಅವರ ನಂಬುಗೆ ಸುಳ್ಳಾಯಿತೆ? ಮುಂದೆ ಅವರು ನಡೆದ ದಾರಿಯೇ ಇದಕ್ಕೆ ಉತ್ತರ. ಶಿವನೇ ಕಾಯುವನೆಂದು ಅವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಶಿವನು ಕೈಬಿಟ್ಟನೆಂದು ಎದೆಗುಂದಲೂ ಇಲ್ಲ. ಚನ್ನಬಸವಣ್ಣನ ಮುಂದಾಳುತನದಲ್ಲಿ ಒಂದು ತಂಡವು ಸಹ್ಯಾದ್ರಿಯ ದಟ್ಟ ಕಾಡಿನ ಉಳವಿಯತ್ತ ಹೊರಟಿತು. ಬೆನ್ನಟ್ಟಿದ ಸೈನ್ಯವನ್ನು ಮಡಿವಾಳ ಮಾಚಿದೇವನು ತಡೆದು ನಿಂತು, ವಚನದ ಕಟ್ಟುಗಳನ್ನು ಕಾಪಾಡಿದನೆಂಬುದು ಪರಂಪರೆಯ ನೆನಪು. ಊರು ಬಿಟ್ಟುದು ಅಂಜುಬುರುಕುತನವಲ್ಲ. ಮನೆ ಮಾರುಗಳನ್ನು ತೊರೆದವರು ಓಲೆಯ ಕಟ್ಟುಗಳನ್ನು ತೊರೆಯಲಿಲ್ಲ. ಅವುಗಳನ್ನು ಓದುವವರು ಮುಂದೆ ಹುಟ್ಟಿಬರುವರೆಂಬ ಭರವಸೆಯಿಲ್ಲದೆ ಪ್ರಾಣಭಯದಲ್ಲಿ ಓಲೆಯ ಹೊರೆಯನ್ನು ಯಾರು ತಾನೆ ಹೊತ್ತಾರು?

ಆ ಭರವಸೆ ಫಲಿಸಲು ಬಹುಕಾಲ ಹಿಡಿಯಿತು. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಿಂದ ಮೊದಲ್ಗೊಂಡು, ವಿರಕ್ತರು ಚದುರಿದ್ದ ವಚನಗಳನ್ನು ಸಂಕಲಿಸಿದರು. ಅನಂತರ ಮತ್ತೆ ಎಷ್ಟೋ ಓಲೆಗಳು ಮನೆ ಮಠಗಳ ಜಗುಲಿಯ ಮೇಲೆ ಪೂಜೆಗೊಳ್ಳುತ್ತ, ಓದುವವರಿಲ್ಲದೆ ಉಳಿದವು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಅವುಗಳನ್ನು ಅರಸಿ ಊರೂರು ತಿರುಗಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು; ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಕಲ್ಯಾಣದಿಂದ ಹೊರೆ ಹೊತ್ತವರ ನಂಬುಗೆಯು ಏಳೂವರೆ ಶತಮಾನಗಳ ಬಳಿಕ ಅಚ್ಚಿನ ಮನೆಯನ್ನು ಸೇರಿತು. ಹೊತ್ತವರು ಆ ದಿನವನ್ನು ಕಾಣಲಿಲ್ಲ. ಕಾಣದ ಫಲಕ್ಕಾಗಿ ಹೊರೆ ಹೊರುವುದೇ ದೈವವಿಶ್ವಾಸದ ನಿಜವಾದ ಲಕ್ಷಣ.

ಈ ಮಾತು ಹಳೆಯ ಕಾಲಕ್ಕಷ್ಟೇ ಸಲ್ಲುವುದಲ್ಲ. ೨೦೨೦ರಲ್ಲಿ ಕೊರೋನಾ ಮಹಾಮಾರಿಯಿಂದ ಶಾಲೆಗಳ ಬಾಗಿಲು ಮುಚ್ಚಿದಾಗ, ‘ವಿದ್ಯಾಗಮ’ವೆಂಬ ಯೋಜನೆಯಂತೆ ಕರ್ನಾಟಕದ ಅಧ್ಯಾಪಕರು ಮಕ್ಕಳಿದ್ದಲ್ಲಿಗೇ ಹೋಗಿ, ಮರದ ನೆರಳಿನಲ್ಲಿಯೂ ದೇವಾಲಯದ ಅಂಗಳದಲ್ಲಿಯೂ ಪಾಠ ಹೇಳಿದರು. ಕೆಲವೆಡೆ ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಲಾಗಿ ಅದೇ ವರ್ಷದ ಅಕ್ಟೋಬರದಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಹೋದುದೂ ಸರಿ, ನಿಲ್ಲಿಸಿದುದೂ ಸರಿ. ದೇವರ ಮೇಲೆ ಭಾರ ಹಾಕಿ ಮಕ್ಕಳನ್ನು ಅಪಾಯಕ್ಕೊಡ್ಡುವುದು ಭಕ್ತಿಯಲ್ಲ, ಅವಿವೇಕ. ಅಪಾಯವಿದೆಯೆಂದು ಮಕ್ಕಳನ್ನೇ ಮರೆಯುವುದು ಜಾಗರೂಕತೆಯಲ್ಲ, ಹೊಣೆಗೇಡಿತನ. ಇವೆರಡರ ನಡುವೆ ಎಚ್ಚರದಿಂದ ನಡೆಯುವ ಕಿರುದಾರಿಯೇ ವಿಶ್ವಾಸ.

ಇಂದಿನ ಮಕ್ಕಳಿಗೂ ಭಯದ ದಿನಗಳು ಬಾರದಿರವು. ಪ್ರಾರ್ಥಿಸಿದರೆ ಕೇಡು ಹತ್ತಿರ ಸುಳಿಯದೆಂದು ಹಿರಿಯರು ಅವರಿಗೆ ಕಲಿಸಿದರೆ, ಮೊದಲ ಕೇಡಿನಲ್ಲಿಯೇ ಅವರ ಪ್ರಾರ್ಥನೆ ಬತ್ತಿಹೋದೀತು. ಕೇಡಿನ ನಡುವೆಯೂ ಹೊತ್ತ ಹೊರೆಯನ್ನು ಕೆಳಗಿಡದಂತೆ ತೋಳಿಗೆ ಬಲ ನೀಡುವವನು ಶಿವನೆಂದು ಕಲಿಸಿದರೆ ಆ ಪ್ರಾರ್ಥನೆ ಜೀವಮಾನವೆಲ್ಲ ಬಾಳೀತು. ಪಾಠ ಹೇಳುವ ಗುರುವೂ, ಕಲಿತು ಹೋದ ಶಿಷ್ಯನೂ, ಹೆಸರು ಬಯಸದೆ ನೆರವಾಗುವ ದಾನಿಯೂ ಹೊರುತ್ತಿರುವುದು ಅಂತಹ ಕಟ್ಟುಗಳನ್ನೇ. ಅವು ಎಂದು, ಯಾರ ಕೈಯಲ್ಲಿ ಬಿಚ್ಚಿಕೊಳ್ಳುವುವೆಂಬುದು ದೇವರಿಗೆ ಬಿಟ್ಟುದು. ದಾರಿಯಲ್ಲಿ ಕೆಳಗಿಡದೆ ನಡೆಯುವುದು ಮನುಷ್ಯರ ಪಾಲಿಗೆ ಬಂದುದು.