ಕತ್ತರಿಸಿದ ಸ್ಟ್ರಿಪ್ಪು, ಕಳೆದುಹೋದ ಚೀಟಿ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ಅಮ್ಮಂದಿರು ಈಗ ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲೂ ಸಿಗುತ್ತಾರೆ. ಹುರಿಗಾಳು, ಚಟ್ನಿಪುಡಿ, ಬಾಣಂತಿಗೆ ಬೇಕಾದ ಮೆಣಸು, ಶುಂಠಿ ಎಲ್ಲವನ್ನೂ ಕಿಲೋ ಲೆಕ್ಕದಲ್ಲಿ ತೂಗಿ ಸೂಟ್‌ಕೇಸಿಗೆ ತುಂಬುವ ಮನೆಯವರು ಮಾತ್ರೆಗಳನ್ನು ಮಾತ್ರ ಒಂದು ಪ್ಲಾಸ್ಟಿಕ್ ಕವರಿಗೆ ಸುರಿದು ಗಂಟು ಹಾಕುತ್ತಾರೆ. ಬಿ.ಪಿ., ಶುಗರ್ ಮಾತ್ರೆಗೆ ಸಾಮಾನ್ಯವಾಗಿ ಯಾರೂ ತಕರಾರು ಮಾಡುವುದಿಲ್ಲ. ಕವರಿನ ತಳದಲ್ಲಿರುವ ನಿದ್ದೆಯ ಆಲ್ಪ್ರಜೋಲಾಂ, ಮಂಡಿನೋವಿನ ಟ್ರಮಡಾಲ್, ಕೋಡೀನ್ ಇರುವ ಕೆಮ್ಮಿನ ಸಿರಪ್ಪು, ತಂಟೆ ತರುವುದು ಇವು.

ಟ್ರಮಡಾಲನ್ನು ನಮ್ಮ ಸರ್ಕಾರವೇ 2018ರ ಏಪ್ರಿಲ್‌ನಲ್ಲಿ ಮಾದಕವಸ್ತು ಕಾಯ್ದೆಯಡಿ ತಂದಿದೆ. ಅದರ ಹಿಂದಿನ ವರ್ಷ ಬ್ರಿಟನ್ನಿನ ಮಹಿಳೆಯೊಬ್ಬರು 290 ಟ್ರಮಡಾಲ್ ಮಾತ್ರೆಗಳೊಂದಿಗೆ ಈಜಿಪ್ಟಿನಲ್ಲಿ ಇಳಿದರು. ಜೊತೆಗಾರನ ಬೆನ್ನುನೋವಿಗೆ ತಂದದ್ದು ಎಂದರು. ಆದದ್ದು ಮೂರು ವರ್ಷದ ಜೈಲು. 2015ರಲ್ಲಿ ಟೊಯೊಟಾ ಕಂಪನಿಯ ಅಮೆರಿಕನ್ ಅಧಿಕಾರಿಯೊಬ್ಬರಿಗೆ ಪಾರ್ಸಲ್‌ನಲ್ಲಿ ಬಂದ ಆಕ್ಸಿಕೋಡೋನ್ ಮಾತ್ರೆಗಳಿಂದಾಗಿ ಜಪಾನಿನಲ್ಲಿ ಬಂಧನವಾಯಿತು. ಮೊಕದ್ದಮೆ ಹೂಡದೆ ಬಿಟ್ಟರೂ ಅಷ್ಟರಲ್ಲಿ ಅವರು ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದರು.

ನಮ್ಮವರಿಗೆ ಈಜಿಪ್ಟು ದೂರ, ದುಬೈ ದೂರವಲ್ಲ. ಬೆಂಗಳೂರಿನಿಂದ ಅಮೆರಿಕಕ್ಕೆ ಹಾರುವ ಎಷ್ಟೋ ಜನ ಅಲ್ಲಿ ವಿಮಾನ ಬದಲಿಸುತ್ತಾರೆ. ಎರಡು ದಿನ ಇಳಿದು ತಂಗಿ ಮಗನ ಮನೆ ನೋಡಿಕೊಂಡು ಹೋಗೋಣ ಎಂದುಕೊಂಡರೆ ಆ ದೇಶದ ಕಾನೂನಿಗೆ ಒಳಪಟ್ಟಂತೆಯೇ. ಇಂಥ ಮಾತ್ರೆಗೆ ಅಲ್ಲಿನ ಸರ್ಕಾರದ ಜಾಲತಾಣದಲ್ಲಿ ಮೊದಲೇ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಸಿಂಗಪುರದಲ್ಲೂ ಹೆಚ್ಚುಕಡಿಮೆ ಇದೇ ಕ್ರಮ. ಅಂದಹಾಗೆ ನಮ್ಮ ಪಾಯಸದ ಗಸಗಸೆಯೂ ದುಬೈಗೆ ನಿಷಿದ್ಧ, ಅಫೀಮಿನ ಗಿಡದ ಬೀಜವಲ್ಲವೇ!

ಆದರೆ ಅರ್ಜಿಗೆ ಲಗತ್ತಿಸಲು ವೈದ್ಯರ ಚೀಟಿ ಬೇಕು. ನಮ್ಮಲ್ಲಿ ಇಲ್ಲದಿರುವುದು ಅದೇ.

ಯಾವುದೇ ಪೇಟೆಬೀದಿಯ ಮೆಡಿಕಲ್ ಸ್ಟೋರಿನ ಮುಂದೆ ಸಂಜೆ ಹೊತ್ತು ಸ್ವಲ್ಪ ನಿಂತು ನೋಡಿ. “ಹೋದ್ ಸಲ ಕೊಟ್ಟಿದ್ದಲ್ಲಪ್ಪ, ನಿದ್ದೆದು, ಆರು ಕೊಡು.” “ಚೀಟಿ ಎಲ್ಲಮ್ಮ?” “ಎಲ್ಲೋ ಹೋಯ್ತು ಕಣ್ ಮಗ, ನಿಂಗೊತ್ತಲ್ಲ.” ಕತ್ತರಿ ಆಡುತ್ತದೆ. ಹತ್ತರ ಸ್ಟ್ರಿಪ್ಪಿನಲ್ಲಿ ಆರು ಅಮ್ಮನ ಕೈಗೆ, ಔಷಧದ ಹೆಸರೂ ತಾರೀಖೂ ಇರುವ ನಾಲ್ಕು ಡಬ್ಬಕ್ಕೆ. ಬಿಲ್ ಇಲ್ಲ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್-1 ಪಟ್ಟಿಯ ನಿಯಮದ ಪ್ರಕಾರ ಇಂಥ ಮಾತ್ರೆ ಕೊಟ್ಟಾಗ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಪ್ರತ್ಯೇಕ ರಿಜಿಸ್ಟರಿಗೆ ಏರಬೇಕು, ಆ ರಿಜಿಸ್ಟರು ಮೂರು ವರ್ಷ ಉಳಿಯಬೇಕು. ಔಷಧದ ಜೆನೆರಿಕ್ ಹೆಸರನ್ನು ಓದುವಂತೆ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕೆಂದು ವೈದ್ಯರಿಗೆ 2016ರಲ್ಲೇ ನಿಯಮವಾಗಿದೆ. ಬಹಳಷ್ಟು ಚೀಟಿಗಳನ್ನು ಇಂದಿಗೂ ಎದುರಿನ ಅಂಗಡಿಯವನೊಬ್ಬನೇ ಓದಬಲ್ಲ.

ಹಾಗಾಗಿ ಹೊರದೇಶದ ಕಸ್ಟಮ್ಸ್‌ನವರನ್ನು ಕಟುಕರೆಂದು ಬೈಯುವುದರಲ್ಲಿ ನನಗೆ ಹುರುಳು ಕಾಣುವುದಿಲ್ಲ. ಅವರು ಕೇಳುವುದರಲ್ಲಿ ಬಹುಪಾಲು ನಮ್ಮ ಕಾನೂನೂ ಕೇಳುವಂಥದ್ದೇ: ಹೆಸರಿರುವ ಪೂರ್ತಿ ಸ್ಟ್ರಿಪ್ಪು, ವೈದ್ಯರ ಚೀಟಿ, ಬಿಲ್ಲು. ಜೊತೆಗೆ ಇಂಗ್ಲಿಷಿನಲ್ಲೊಂದು ಪತ್ರವಿದ್ದರೆ ಒಳ್ಳೆಯದು. ಅದರಲ್ಲಿರುವ ಹೆಸರು ಪಾಸ್‌ಪೋರ್ಟಿನದೇ ಆಗಿರಬೇಕು. ಆಸ್ಪತ್ರೆ ಚೀಟಿಯಲ್ಲಿ ಮನೆಯಲ್ಲಿ ಕರೆಯುವ ಹೆಸರು, ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಸೇರಿದ ಉದ್ದನೆಯ ಹೆಸರು ಇದ್ದರೆ ಇಬ್ಬರೂ ಒಬ್ಬರೇ ಎಂದು ಕೌಂಟರಿನಲ್ಲಿ ಸಾಬೀತು ಮಾಡುವವರು ಯಾರು? ಇನ್ನೊಂದು ತೊಡಕು. ಅಮೆರಿಕದವರು ಸಾಮಾನ್ಯವಾಗಿ ಒಪ್ಪುವುದು 90 ದಿನದ ಔಷಧವನ್ನು, ಅಮ್ಮ ಇರುವುದು ಆರು ತಿಂಗಳು. ಉಳಿದ ಮೂರು ತಿಂಗಳಿಗೆ ಅಲ್ಲಿನ ಡಾಕ್ಟರನ್ನು ಮಗಳು ಮೊದಲೇ ಗೊತ್ತು ಮಾಡಿಡಬೇಕು. ಊರಿಂದ ಬರುವವರ ಕೈಲಿ ಪೊಟ್ಟಣ ಕಳಿಸುವ ಆಲೋಚನೆಯಂತೂ ಬೇಡವೇ ಬೇಡ.

ಆಫ್ರಿಕಾಕ್ಕೆ ಹೋಗುವವರಿಗೆ ಹಳದಿ ಜ್ವರದ ಲಸಿಕೆ ಹಾಕಿ ಪ್ರಮಾಣಪತ್ರ ಕೊಡುವ ಏರ್ಪಾಡು ಸರ್ಕಾರದಲ್ಲೇ ಇದೆ. ಮಂಡ್ಯದ ಮಿಮ್ಸ್‌ನಲ್ಲೋ ತಾಲ್ಲೂಕು ಆಸ್ಪತ್ರೆಗಳಲ್ಲೋ ಮಾತ್ರೆ ಪತ್ರಕ್ಕೂ ಒಂದು ನಮೂನೆ ಅಚ್ಚು ಹಾಕಿಸಿಟ್ಟರೆ ಖರ್ಚೇನು, ಒಂದು ಹಾಳೆ, ಒಂದು ಮೊಹರು. ಟಿಕೆಟ್ ಮಾಡಿಸಿಕೊಡುವ ಏಜೆಂಟರಿಗೂ ಇದರಲ್ಲಿ ಪಾಲಿದೆ. ವೆಜ್ಜಾ ನಾನ್‌ವೆಜ್ಜಾ, ವೀಲ್‌ಚೇರ್ ಬೇಕಾ ಎಂದು ಕೇಳುವವರು ದಿನಾ ಯಾವ ಮಾತ್ರೆ ನುಂಗುತ್ತೀರಮ್ಮ ಎಂದೂ ಕೇಳಬಹುದು.